ಕ್ಲ್ಯಾಂಪರ್ ಸರಿಯಾಗೇ ಇತ್ತು

12 ಅಕ್ಟೋಬರ್ 2023, ಗುರುವಾರ

ಮಧ್ಯಾಹ್ನದ ಲ್ಯಾಬಿನಲ್ಲಿ ಇವತ್ತು ಡಯೋಡ್ ಕ್ಲ್ಯಾಂಪರ್, ಅಂದರೆ ವೋಲ್ಟೇಜಿನ ಅಲೆಯನ್ನು ಇಡಿಯಾಗಿ ಮೇಲಕ್ಕೋ ಕೆಳಕ್ಕೋ ಸರಿಸುವ ಸರ್ಕ್ಯೂಟ್. "ಮೇಡಂ, ನಮ್ದು ವರ್ಕ್ ಆಗ್ತಿಲ್ಲ" ಅಂತ ಕೊನೆ ಟೇಬಲ್ಲಿನ ಹುಡುಗಿ ಕರೆದಳು. ಬ್ರೆಡ್‌ಬೋರ್ಡ್ ನೋಡಿದೆ. 1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್, 100 ಕಿಲೋಓಮ್ ರೆಸಿಸ್ಟರ್, 1ಎನ್4007 ಡಯೋಡ್. ಡಯೋಡಿನ ಬೆಳ್ಳಿ ಗೆರೆ ಔಟ್‌ಪುಟ್ ಕಡೆಗೇ ಇತ್ತು, ಇನ್ನೊಂದು ತುದಿ ಗ್ರೌಂಡಿಗೆ. ಒಂದು ವೈರೂ ತಪ್ಪಿರಲಿಲ್ಲ. ಆದರೂ ಅಲೆಯನ್ನು ಗೆರೆಯಾಗಿ ತೋರಿಸುವ ಯಂತ್ರ ಸಿಆರ್‌ಓದ ಪರದೆಯಲ್ಲಿ ಅಲೆ ನಡುಗೆರೆಯ ಮೇಲೂ ಕೆಳಗೂ 5 ವೋಲ್ಟ್, ಇನ್‌ಪುಟ್ ಇದ್ದ ಹಾಗೇ!

ಹೇಗೆ ಕಾಣಬೇಕಿತ್ತು? ಅಲೆ ಕೆಳಗಿಳಿದಾಗ ಡಯೋಡ್ ಆನ್ ಆಗಿ, ಕೆಪ್ಯಾಸಿಟರ್ 4.3 ವೋಲ್ಟ್‌ವರೆಗೆ ತುಂಬುತ್ತದೆ. ಉಳಿದ 0.7 ಡಯೋಡಿನ ಪಾಲು. ಅಲೆ ಮೇಲೇರುವಾಗ ಡಯೋಡ್ ಆಫ್. ತುಂಬಿದ ಚಾರ್ಜ್ ಹೋಗಲು ರೆಸಿಸ್ಟರ್ ಒಂದೇ ದಾರಿ. 1 ಕಿಲೋಹರ್ಟ್ಸ್ ಅಲೆಗೆ ಒಂದು ಸುತ್ತು 1 ಮಿಲಿಸೆಕೆಂಡ್. ಖಾಲಿಯಾಗುವ ವೇಗ ಹೇಳುವ ಆರ್‌ಸಿ (ರೆಸಿಸ್ಟರ್, ಕೆಪ್ಯಾಸಿಟರ್‌ಗಳ ಗುಣಲಬ್ಧ) 100 ಮಿಲಿಸೆಕೆಂಡ್. ಅಷ್ಟರಲ್ಲಿ ಏನೂ ಖಾಲಿಯಾಗಲ್ಲ. ಹಾಗಾಗಿ ಕೆಪ್ಯಾಸಿಟರ್ 4.3 ವೋಲ್ಟಿನ ಬ್ಯಾಟರಿಯಂತೆ ಕೂತು, ಇಡೀ ಅಲೆಯನ್ನು ಮೇಲಕ್ಕೆತ್ತುತ್ತದೆ. ಕೆಳಗಡೆ -0.7, ಮೇಲೆ 9.3. ಆಕಾರ ಬದಲಾಗಲ್ಲ, ಎತ್ತರವೂ ಅದೇ 10 ವೋಲ್ಟ್. ಕ್ಲಿಪ್ಪರ್ ಕತ್ತರಿಸುತ್ತದೆ, ಕ್ಲ್ಯಾಂಪರ್ ಸರಿಸುತ್ತದೆ.

ಆಮೇಲೆ ಸಿಆರ್‌ಓ ಗುಂಡಿ ಕಡೆ ಕಣ್ಣು ಹೋಯಿತು. ಎಸಿಯಲ್ಲಿತ್ತು! ಆ ಸ್ಥಾನದಲ್ಲಿ ಸಿಆರ್‌ಓ ಒಳಗೂ ಒಂದು ಕೆಪ್ಯಾಸಿಟರ್ ದಾರಿಗೆ ಅಡ್ಡ ಬರುತ್ತದೆ. ಬೋರ್ಡಿನ ಕೆಪ್ಯಾಸಿಟರ್ ಸೇರಿಸಿದ ಡಿಸಿಯನ್ನು, ಅಂದರೆ ಬದಲಾಗದ ವೋಲ್ಟೇಜನ್ನು, ಒಳಗಿನದು ತಡೆದುಬಿಡುತ್ತಿತ್ತು. ಹಳೇ ಟಿವಿಗಳಲ್ಲೂ ಇದೇ ಪಾಡು. ಕೆಪ್ಯಾಸಿಟರ್ ದಾಟಿದ ವಿಡಿಯೋ ಸಿಗ್ನಲ್ ಡಿಸಿ ಕಳೆದುಕೊಂಡು, ಚಿತ್ರ ಬದಲಾದಂತೆ ಕಪ್ಪಿನ ಮಟ್ಟವೂ ಅಲುಗಾಡುತ್ತಿತ್ತು. ಅದನ್ನು ಮತ್ತೆ ಹಿಡಿದು ನಿಲ್ಲಿಸಲು ಕ್ಲ್ಯಾಂಪರ್ ಬೇಕಿತ್ತು. ಕ್ಲಾಸಿನಲ್ಲಿ ಈ ಮಾತು ಹೇಳಿದ್ದೆ. ಗುಂಡಿ ತೋರಿಸಿದ ಮೇಲೇ ಅವಳಿಗೆ ಅದು ಹತ್ತಿದ್ದು.

ಅವಳೇ ಡಿಸಿಗೆ ತಿರುಗಿಸಿದಳು. ಚೌಕಕ್ಕೆ 2 ವೋಲ್ಟ್ ಇಟ್ಟಿದ್ದಳು. ಅಲೆ ಎರಡು ಚೌಕಕ್ಕಿಂತ ಜಾಸ್ತಿ ಮೇಲೆ ಹಾರಿತು, ನೆತ್ತಿ ಪರದೆಯಾಚೆ ಹೋಯಿತು. ಸೊನ್ನೆ ಗೆರೆಯನ್ನು ಎರಡು ಚೌಕ ಕೆಳಗಿಳಿಸಿದಾಗ ಪೂರ್ತಿ ಕಂಡಿತು. "ಅಯ್ಯೋ, ಇಷ್ಟು ಹೊತ್ತೂ ಸರಿಯಾಗೇ ಇತ್ತಾ ಮೇಡಂ?" ಅಂದಳು. ಆಗ ನನಗಾದ ಖುಷಿ ಇನ್ನೂ ಇಳಿದಿಲ್ಲ.

ಮುಂದಿನ ಟೇಬಲ್ಲಿಗೆ ಹೋಗಿ ಬರುವಷ್ಟರಲ್ಲಿ ಡಯೋಡನ್ನು ತಿರುಗಿಸಿ ಚುಚ್ಚಿದ್ದಳು. ಅಲೆ ಈಗ +0.7ರಿಂದ -9.3ಕ್ಕೆ ಇಳಿದಿತ್ತು. ಒಂಚೂರೂ ಪರದೆಯಾಚೆ ಹೋಗಿರಲಿಲ್ಲ. ಈ ಸಲ ಸೊನ್ನೆ ಗೆರೆಯನ್ನು ಮೊದಲೇ ಮೇಲೇರಿಸಿದ್ದಳು.