ರೊಟ್ಟಿಯಾದರೆ ಉಳಿಯುತ್ತದೆ, ಲಟ್ಟಣಿಗೆಯಾದರೆ ಕುಸಿಯುತ್ತದೆ

ಕೈಚೀಲದ ಬಾಯಿಗೆ ಹಾಕುವ ಎರಡು ಗುಂಡಿ ಆಯಸ್ಕಾಂತ ತಗೊಳ್ಳಿ. ಎರಡರದೂ ಒಂದೇ ಧ್ರುವ ಮೇಲೆ ಬರುವಂತೆ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು, ಬೆರಳಿನಿಂದ ಒತ್ತಿ ಹಿಡಿದು ಹತ್ತಿರ ತನ್ನಿ. ದೂಡಾಡುತ್ತವೆ. ಬೆರಳು ಸಡಿಲಾಯಿತೋ, ಒಂದು ಎಗರಿ ಇನ್ನೊಂದಕ್ಕೆ ಟಕ್ಕನೆ ಅಂಟಿಕೊಳ್ಳುತ್ತದೆ. ಡಿಸ್ಪ್ರೋಸಿಯಂ ಎಂಬ ಲೋಹದ ಅತಿಶೀತ ಅನಿಲದ ಸ್ವಭಾವವೂ ಇದೇ; ಅದರ ಪ್ರತಿ ಪರಮಾಣುವೂ ಒಂದು ಪುಟ್ಟ ಆಯಸ್ಕಾಂತ, ಅಂದರೆ ದ್ವಿಧ್ರುವ. ಅಂತರ ಅಷ್ಟೇ ಇದ್ದರೆ, ಒಂದರ ಮೇಲೊಂದು ನಿಂತ ದ್ವಿಧ್ರುವಗಳ ಸೆಳೆತ ಅಕ್ಕಪಕ್ಕದವುಗಳ ವಿಕರ್ಷಣೆಯ ಎರಡು ಪಟ್ಟು; 54.7 ಡಿಗ್ರಿ ಓರೆಯಲ್ಲಿ ಎರಡೂ ಇಲ್ಲ.

ಡಿಸ್ಪ್ರೋಸಿಯಂ ಪರಮಾಣುವಿನ ಕಾಂತಮಹತ್ವ (ಅದು ಎಷ್ಟು ಗಟ್ಟಿ ಆಯಸ್ಕಾಂತ ಎಂಬ ಅಳತೆ) ಸುಮಾರು 10 ಬೋರ್ ಮ್ಯಾಗ್ನೆಟಾನ್ (ಈ ಅಳತೆಯ ಮಾನ), ರುಬಿಡಿಯಂನದು ಹೆಚ್ಚೆಂದರೆ 1. ಬಲ ಇದರ ವರ್ಗದಂತೆ ಏರುವುದರಿಂದ ವ್ಯತ್ಯಾಸ ನೂರು ಪಟ್ಟು. ಹಾಗಾಗಿ ಇಲ್ಲಿ ಅನಿಲವನ್ನು ಹಿಡಿದಿಡುವ ಬಲೆಯ ಆಕಾರವೇ ಅದರ ಹಣೆಬರಹ. ಕಾಂತಕ್ಷೇತ್ರ ಮೇಲ್ಮುಖವಾಗಿದ್ದು ಬಲೆ ಜೋಳದ ರೊಟ್ಟಿಯಂತೆ ಚಪ್ಪಟೆಯಾಗಿದ್ದರೆ ಪರಮಾಣುಗಳು ಬಹುಪಾಲು ಅಕ್ಕಪಕ್ಕ ಇರುತ್ತವೆ, ಅನಿಲ ಉಳಿಯುತ್ತದೆ. ಅದನ್ನೇ ಲಟ್ಟಣಿಗೆಯಂತೆ ಕ್ಷೇತ್ರದ ಗುಂಟ ಉದ್ದ ಮಾಡಿದರೆ ಸೆಳೆತ ಗೆದ್ದು ಕುಸಿಯುತ್ತದೆ.

ಬಲೆ ಬೆಳಕಿನದೇ ಆಗಿರಬೇಕು, ಸಾಮಾನ್ಯವಾಗಿ 1064 ನ್ಯಾನೋಮೀಟರ್ ಲೇಸರಿನದು. ಕಾಂತಬಲೆ ಹಿಡಿದಿಡುವುದು ಹೆಚ್ಚಿನ ಶಕ್ತಿಯ ಸ್ಪಿನ್ (ಪರಮಾಣು-ಆಯಸ್ಕಾಂತ ಮುಖಮಾಡಿದ ದಿಕ್ಕು) ಸ್ಥಿತಿಗಳನ್ನು. ಇಷ್ಟು ಬಲವಾದ ದ್ವಿಧ್ರುವಗಳು ಡಿಕ್ಕಿಯಾದಾಗ ಸ್ಪಿನ್ ಮಗುಚಿ, ಆ ಶಕ್ತಿ ಶಾಖವಾಗಿ, ತಂಪು ಮಾಡಿದ ಶ್ರಮವೆಲ್ಲ ನೀರುಪಾಲು.

ನಿಜಕ್ಕೂ ಸೋಜಿಗದ ಸಂಗತಿ ಮುಂದಿದೆ. ಕುಸಿಯಬೇಕಾದ ಅನಿಲ 2016ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕುಸಿಯಲಿಲ್ಲ, ಹನಿಹನಿಯಾಗಿ ಸಾಲುಗಟ್ಟಿ ನಿಂತಿತು. ಸಾಂದ್ರತೆ ಏರಿದಂತೆ ಕ್ವಾಂಟಂ ಏರಿಳಿತದ (ಎಷ್ಟು ತಂಪಾದರೂ ನಿಲ್ಲದ ಅಲುಗಾಟ) ವಿಕರ್ಷಣೆ ಸೆಳೆತಕ್ಕಿಂತ ಬೇಗ ಬೆಳೆದು ಕುಸಿತವನ್ನು ತಡೆಯುತ್ತದೆ. ಹನಿಗಳ ಸಾಲೂ ಇದ್ದು, ಅವುಗಳ ನಡುವೆ ಅಡೆತಡೆಯಿಲ್ಲದ ಹರಿವೂ ಇರುವ ಸೂಪರ್‌ಸಾಲಿಡ್ 2019ರಲ್ಲಿ ಪೀಸಾ, ಸ್ಟುಟ್‌ಗಾರ್ಟ್, ಇನ್ಸ್‌ಬ್ರುಕ್‌ಗಳಲ್ಲಿ ಕಂಡಿತು. ಆದರೆ ಅದು ಸಿಗುವ ಕಿಂಡಿ ತೀರ ಸಣ್ಣದು.

ಪರಮಾಣುಗಳ ನಡುವಿನ ಬಲವನ್ನು ಹೊಂದಿಸುವುದು ಕಾಂತಕ್ಷೇತ್ರ; ಆ ಕಿಂಡಿ ಹೊಗಲು ಅದು ಮಿಲಿಗೌಸ್ (ಕ್ಷೇತ್ರದ ಮಾನವಾದ ಗೌಸ್‌ನ ಸಾವಿರದಲ್ಲೊಂದು ಭಾಗ) ಮಟ್ಟದಲ್ಲಿ ಅಲುಗಬಾರದು. ಧಾರವಾಡದಲ್ಲಿ ಭೂಮಿಯ ಕ್ಷೇತ್ರವೇ ಸುಮಾರು 0.4 ಗೌಸ್, ಅಂದರೆ ನಾಲ್ಕುನೂರು ಮಿಲಿಗೌಸನ್ನು ಮೂರೂ ದಿಕ್ಕಿನ ಸುರುಳಿಗಳಿಂದ ಮೊದಲು ಅಳಿಸಬೇಕು. 5 ಗೌಸ್ ಕೊಡುವ ಸುರುಳಿಯಲ್ಲಿ ವಿದ್ಯುತ್ 5000ಕ್ಕೆ 1 ಭಾಗ ಜಾರಿದರೂ 1 ಮಿಲಿಗೌಸ್ ಹೋಯಿತು. ಪಕ್ಕದ ಕಬ್ಬಿಣದ ಕಪಾಟು ಸರಿಸಿದರೂ ಕೆಟ್ಟಿತು. ಮೇನ್ಸ್‌ನ 50 ಹರ್ಟ್ಸ್ ಗುಂಯ್‌ಗುಡುವಿಕೆಗೆ ಸುಲಭದ ಉಪಾಯ: ಪ್ರತಿ ಸಲವೂ ಅದರ ಅದೇ ಹಂತದಲ್ಲಿ ಪ್ರಯೋಗ ಶುರುಮಾಡುವುದು.

ಇಷ್ಟನ್ನು ಅಳೆಯಲು ಪರಮಾಣುಗಳೇ ಮೀಟರು. ಡಿಸ್ಪ್ರೋಸಿಯಂ-164ರ ಪಕ್ಕಪಕ್ಕದ ಸ್ಪಿನ್ ಮಟ್ಟಗಳ ಅಂತರ ಗೌಸ್‌ಗೆ 1.74 ಮೆಗಾಹರ್ಟ್ಸ್. ರೇಡಿಯೋ ತರಂಗದ ಅನುರಣನ (ಪರಮಾಣು ಮಟ್ಟ ಬದಲಿಸುವ ಆವರ್ತನ) 1.74 ಕಿಲೋಹರ್ಟ್ಸ್ ಸರಿದಿದ್ದರೆ ಕ್ಷೇತ್ರ 1 ಮಿಲಿಗೌಸ್ ಸರಿದಿದೆ.