ಆ ಪ್ರಾರ್ಥನೆ ಯಾರಿಗೆ ಬೇಕಿತ್ತು?

ಮನಸ್ಸಿನ ಚಿಕಿತ್ಸೆ ಕಲಿಯುತ್ತಿರುವವಳು ನಾನು; ನಮ್ಮ ಕೆಲಸವನ್ನು ಗುರುಗಳು ಪರಿಶೀಲಿಸುವ ಸೋಮವಾರದ ಸೂಪರ್‌ವಿಷನ್‌ನಲ್ಲಿ ಮೇಡಂ ನನ್ನ ಚಿಕಿತ್ಸೆಯ ರೆಕಾರ್ಡಿಂಗನ್ನು ಮೂರು ಸಲ ಹಿಂದಕ್ಕೆ ಓಡಿಸಿದರು. ಮೂರು ಸಲವೂ ಅದೇ ಜಾಗ. "ನೀವೂ ವಿಶ್ವಾಸಿಯೇ ಅಲ್ವಾ, ನನಗೋಸ್ಕರ ಒಂದ್ಸಲ ಪ್ರಾರ್ಥನೆ ಮಾಡಿ" ಅನ್ನುತ್ತಾರೆ ನನ್ನ ಬಳಿ ಚಿಕಿತ್ಸೆಗೆ ಬರುವವರು. ಒಂದು ಉಸಿರೂ ತಡೆಯದೆ ನಾನು ಶುರುಮಾಡುತ್ತೇನೆ.

ಮೇಡಂ ಕೇಳಿದ್ದು ಇಷ್ಟೇ: "ಆ ಪ್ರಾರ್ಥನೆ ಯಾರಿಗೆ ಬೇಕಿತ್ತು?"

ಕೋಪ ಬಂತು. ನಂಬಿಕೆ, ಮನಶ್ಶಾಸ್ತ್ರ ಎರಡನ್ನೂ ಒಟ್ಟಿಗೆ ಕಲಿಯಬೇಕೆಂದೇ ಅಲ್ಲವೇ ನಾನಿಲ್ಲಿ ಸೇರಿದ್ದು? 1965ರಲ್ಲಿ ಅಮೆರಿಕದ ಪಸಡೀನಾದಲ್ಲಿರುವ ಕ್ರೈಸ್ತ ಧರ್ಮಶಿಕ್ಷಣ ಸಂಸ್ಥೆ ಫುಲ್ಲರ್ ಸೆಮಿನರಿ ಮನಶ್ಶಾಸ್ತ್ರದ ಶಾಲೆ ತೆರೆದದ್ದೂ ಈ ಆಸೆಯಿಂದಲೇ. ಇಂಥ ಕೋರ್ಸುಗಳಲ್ಲಿ ದಿನವೂ ಕಿವಿಗೆ ಬೀಳುವ ಮಾತು 'ಇಂಟಿಗ್ರೇಷನ್', ಅಂದರೆ ಆ ಎರಡನ್ನೂ ಬೆಸೆಯುವುದು.

ಗುರುತು ಸಿಗುವ ವಿವರ ಬೇಡ. ಪ್ರಾರ್ಥನೆ ಕೇಳಿದವರಿಗಿರುವುದು ಒಸಿಡಿ, ಅಂದರೆ ಬೇಡವೆಂದರೂ ಮರಳಿ ಬರುವ ಯೋಚನೆ, ಅದನ್ನು ತಣಿಸಲು ಮತ್ತೆ ಮತ್ತೆ ಮಾಡುವ ಕೆಲಸ; ಅದರಲ್ಲೂ ಪಾಪದ ಭಯವೇ ಕಾಡುವ ಸ್ಕ್ರುಪ್ಯುಲಾಸಿಟಿ. ಬೈಬಲಿನ ಮತ್ತಾಯ 12:31ರಲ್ಲಿ ಬರುವ ಕ್ಷಮೆಯಿಲ್ಲದ ಪಾಪವನ್ನು ತಾನು ಮಾಡಿಬಿಟ್ಟೆನೇನೋ ಎಂಬ ಭಯ. ಪಾಸ್ಟರ್ "ದೇವರು ಕ್ಷಮಿಸಿದ್ದಾನೆ" ಅಂದರೆ ಸ್ವಲ್ಪ ಹೊತ್ತು ನೆಮ್ಮದಿ, ಆಮೇಲೆ ಮತ್ತೆ ಸಂಶಯ. ಬೇರೆಯವರು ಕೈ ತೊಳೆದು ತೊಳೆದು ಸವೆಸುವ ಹಾಗೆ ಇವರು ಭರವಸೆ ಕೇಳಿ ಕೇಳಿ ಸೋಲುತ್ತಾರೆ. ಸನ್ಯಾಸಿಯಾಗಿದ್ದ ಕಾಲದಲ್ಲಿ ಕ್ರೈಸ್ತ ಸುಧಾರಕ ಮಾರ್ಟಿನ್ ಲೂಥರನೂ ಗಂಟೆಗಟ್ಟಲೆ ಪಾಪನಿವೇದನೆ ಮಾಡಿ, ಏನೋ ಬಿಟ್ಟುಹೋಯಿತೆಂದು ಮತ್ತೆ ಬರುತ್ತಿದ್ದನಂತೆ; ಹಿರಿಯನಾದ ಸ್ಟೌಪಿಟ್ಸ್ ಕೇಳಿ ಕೇಳಿ ದಣಿದಿದ್ದ. ಇಆರ್‌ಪಿ ಎಂಬ ಒಸಿಡಿ ಚಿಕಿತ್ಸೆಯಲ್ಲಿ ಭಯವನ್ನು ಎದುರಿಸಬೇಕು, ಭರವಸೆ ಬೇಡದೆ ಕೂರಬೇಕು. ಇದನ್ನು ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆದಿದ್ದೆ. ಕೋಣೆಯಲ್ಲಿ ಅವರ ಕಣ್ಣು ತುಂಬಿದಾಗ ಬೇಡಿದ್ದನ್ನು ಕೊಟ್ಟುಬಿಟ್ಟೆ.

ಯಾರಿಗೆ ಬೇಕಿತ್ತು? ನನಗೆ. ಅವರ ಅಳು ತಡೆಯಲಾಗಲಿಲ್ಲ. ನಾನೂ ನಿಮ್ಮವಳೇ ಎಂದು ತೋರಿಸಿಕೊಳ್ಳುವ ಆಸೆಯೂ ಇತ್ತು. ಆ ಕುರ್ಚಿಯಲ್ಲಿ ಕೂತು ನಾನು ಆಡುವ "ಆಮೆನ್" ಅವರ ಕಿವಿಗೆ ದೇವರ ತೀರ್ಪಿನಂತೆ ಕೇಳಿಸಬಹುದೆಂದು ಹೊಳೆಯಲೇ ಇಲ್ಲ.

ಮೇಡಂಗೆ ಭಕ್ತಿ ಕಡಿಮೆ ಎಂದು ನಾವೆಲ್ಲ ಆಡಿಕೊಂಡಿದ್ದೆವು. ಅನ್ಯಾಯದ ಮಾತು. ಪ್ರಾರ್ಥನೆಗೆ ಅವರಷ್ಟು ಬೆಲೆ ಕೊಡುವವರನ್ನು ನಾನು ಕಂಡಿಲ್ಲ. ಅದನ್ನು ನೋವಿನ ಮಾತ್ರೆಯಂತೆ ಹಂಚುವುದು ಅವರಿಗೆ ಸಹಿಸದು. ಪ್ರಾರ್ಥನೆ ಬೇಡವೇ ಬೇಡ ಅನ್ನುವವರೂ ಅಲ್ಲ. ಮಗು ಕಳೆದುಕೊಂಡ ತಾಯಿ ಕೇಳಿದರೆ ಅದು ಬೇರೆ, ಅಂದರು. ಆ ವ್ಯತ್ಯಾಸ ಗುರುತಿಸಲು ಕಲಿಸದೆ ವಚನ ಉರು ಹೊಡೆಸಿದರೆ ಇಂಟಿಗ್ರೇಷನ್ ಹೇಗಾದೀತು?

ನನ್ನ ಬಳಿ ಬರುವ ಅವರಿಗಾಗಿ ಈಗ ಮನೆಯಲ್ಲಿ, ಬಾಗಿಲು ಹಾಕಿಕೊಂಡು ಪ್ರಾರ್ಥಿಸುತ್ತೇನೆ. ಗುರುವಾರ ಅವರು ಮತ್ತೆ ಬರುತ್ತಾರೆ, ಮತ್ತೆ ಕೇಳುತ್ತಾರೆ. "ಸಂಶಯ ಇದ್ದ ಹಾಗೇ ಇರಲಿ, ಅದರ ಜೊತೆ ಸ್ವಲ್ಪ ಹೊತ್ತು ಕೂತಿರೋಣ" ಅನ್ನಬೇಕು. ಒಬ್ಬಳೇ ಹೇಳಿ ನೋಡುತ್ತಿದ್ದೇನೆ. ಧ್ವನಿ ಇನ್ನೂ ನಡುಗುತ್ತದೆ.