ಒಂದು ಕಿಲೋ ಬೇಳೆ

ನಮ್ಮ ಬೀದಿಯ ಕಟ್ಟಡದಲ್ಲಿ ಇಟ್ಟಿಗೆ ಹೊರುವ ಹೆಣ್ಣುಮಗಳೊಬ್ಬರು ಇಂದು ಬೆಳಿಗ್ಗೆ ಮಗುವಿಗೆ ಲಸಿಕೆ ಹಾಕಿಸಿಕೊಂಡು ಬರಲು ಅರ್ಧ ದಿನದ ಬಿಡುವು ಕೇಳುತ್ತ ಮೇಸ್ತ್ರಿಯ ಮುಂದೆ ಬಹಳ ಹೊತ್ತು ನಿಂತಿದ್ದರು. ಲಸಿಕೆಗೆ ಹಣ ಕೊಡಬೇಕಾಗಿಲ್ಲ, ಆದರೆ ಹೋದ ಕೂಲಿ ಮರಳಿ ಬರುವುದಿಲ್ಲ.

2019ರಲ್ಲಿ ಮೈಕಲ್ ಕ್ರೆಮರ್ ಅವರೊಂದಿಗೆ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೋ, ಅದಕ್ಕೂ ಬಹಳ ಮೊದಲು ರಾಜಸ್ಥಾನದ ಉದಯಪುರದ ಹಳ್ಳಿಗಳಲ್ಲಿ ಸೇವಾ ಮಂದಿರ ಸಂಸ್ಥೆಯ ಜೊತೆಗೂಡಿ ನಡೆಸಿದ್ದ ಪ್ರಯೋಗ ಆಗ ನೆನಪಾಯಿತು. ಹೊಸ ಏರ್ಪಾಡಿಲ್ಲದ ಹಳ್ಳಿಗಳಲ್ಲಿ ಎಲ್ಲ ಲಸಿಕೆ ಪಡೆದ ಮಕ್ಕಳು ಕೇವಲ ಶೇ. 6, ತಿಂಗಳಿಗೊಮ್ಮೆ ತಪ್ಪದೆ ಶಿಬಿರ ನಡೆದ ಕಡೆ ಶೇ. 18, ಶಿಬಿರದ ಜೊತೆಗೆ ಪ್ರತಿ ಸಲವೂ ಒಂದು ಕಿಲೋ ಬೇಳೆ, ಲಸಿಕೆಗಳೆಲ್ಲ ಮುಗಿದಾಗ ಊಟದ ತಟ್ಟೆಗಳನ್ನು ಕೊಟ್ಟ ಕಡೆ ಶೇ. 39. ಬೇಳೆಯ ಖರ್ಚು ಸೇರಿದರೂ ಮಗುವೊಂದಕ್ಕೆ ತಗಲಿದ ವೆಚ್ಚ ಬರಿಯ ಶಿಬಿರಕ್ಕಿಂತ ಕಡಿಮೆಯಾಯಿತು, ಏಕೆಂದರೆ ದಾದಿಯ ದಿನಗೂಲಿ ಅಷ್ಟೇ, ಬರುವ ಮಕ್ಕಳು ಮಾತ್ರ ಹೆಚ್ಚು.

ಇದನ್ನು ಲಂಚವೆಂದು ಕರೆಯುವವರನ್ನು ನಾನು ಬಲ್ಲೆ. ಅವರಲ್ಲಿ ಹೆಚ್ಚಿನವರು, ನನ್ನಂತೆಯೇ, ಮಗುವಿನ ಲಸಿಕೆಗೆ ಸಂಬಳಸಹಿತ ರಜೆ ಹಾಕಿ ಹೋದವರು. ಹಾಗಿದ್ದೂ ಬೇಳೆ ಕೊಟ್ಟ ಊರುಗಳಲ್ಲೇ ಅರ್ಧಕ್ಕಿಂತ ಹೆಚ್ಚು ಮಕ್ಕಳ ಲಸಿಕೆ ಪೂರ್ಣವಾಗಲಿಲ್ಲ ಎಂಬುದನ್ನು ಮರೆಯುವಂತಿಲ್ಲ.

ಮೇಸ್ತ್ರಿ ಕೊನೆಗೆ ತಲೆಯಾಡಿಸಿದರು. ಕೂಲಿ ಮುರಿದುಕೊಂಡರೋ ಇಲ್ಲವೋ, ನಾಳೆ ಕೇಳಬೇಕು.